ಪವರ್ ಸ್ಟೀರಿಂಗ್ ಕೀಳಿಸಿದ ನಮ್ಮ ಮಾವ

ದುಡ್ಡು ಕೊಟ್ಟು ಸುಖ ಕೊಳ್ಳುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ದುಡ್ಡು ಕೊಟ್ಟು, ಇಡೀ ದಿನ ವರ್ಕ್‌ಶಾಪಿನ ಬಾಗಿಲಲ್ಲಿ ಕಾದು ಕೂತು, ಕಷ್ಟವನ್ನು ಕೊಂಡು ತಂದವರನ್ನು ನೋಡಿದ್ದೀರಾ? ಇಲ್ಲವಾದರೆ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆ ಒಮ್ಮೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಒಂದೇ ಬೆರಳಿಗೆ ತಿರುಗುತ್ತಿದ್ದ ಕಾರಿನ ಸ್ಟೀರಿಂಗನ್ನು, ಎರಡು ಕೈ, ಒಂದು ಸೊಂಟ ಮತ್ತು ಮನೆದೇವರ ಹೆಸರು ಇಲ್ಲದೆ ತಿರುಗದ ಹಾಗೆ ಮಾಡಿಸಿಕೊಂಡು ಬಂದ ಮಹಾನುಭಾವ ಅವರು!

ಕಾರು ಓಡಿಸದವರಿಗೆ ಇದರ ಮಹಿಮೆ ತಿಳಿಯಲಿಕ್ಕಿಲ್ಲ. ಪವರ್ ಸ್ಟೀರಿಂಗ್ ಇರುವ ಗಾಡಿಯಲ್ಲಿ ಚಕ್ರ ಹೊರಳಿಸುವ ಶ್ರಮವನ್ನೆಲ್ಲ ಇಂಜಿನ್ನೇ ವಹಿಸಿಕೊಳ್ಳುತ್ತದೆ, ನಾವು ‘ಈ ಕಡೆ’ ಅಂತ ತೋರಿಸಿದರೆ ಸಾಕು. ಹಳೇ ಕಾಲದ ಮ್ಯಾನ್ಯುಯಲ್ ಸ್ಟೀರಿಂಗಿನಲ್ಲಿ ಎಲ್ಲವೂ ನಮ್ಮ ತೋಳಿನ ಪಾಲು. ಲೋಕದಲ್ಲಿ ಹುಟ್ಟಿದವರೆಲ್ಲ ಮ್ಯಾನ್ಯುಯಲ್ ಬಿಟ್ಟು ಪವರಿಗೆ ಹೋದರೆ, ನಮ್ಮ ಮಾವ ಪವರ್ ಬಿಟ್ಟು ಮ್ಯಾನ್ಯುಯಲ್ಲಿಗೆ ಬಂದರು.

ಮಾವನ ಸ್ವಭಾವವೇ ಹಾಗೆ. ಮನೆಗೆ ಹೊಸ ಸಾಮಾನು ಬಂತೆಂದರೆ ಅದರಲ್ಲಿ ಏನನ್ನು ಬಿಚ್ಚಬಹುದು ಅಂತ ಮೊದಲು ನೋಡುತ್ತಾರೆ. ಫ್ಯಾನಿನ ರೆಗ್ಯುಲೇಟರ್ ಕಿತ್ತು ಅಟ್ಟಕ್ಕೆ ಎಸೆದಿದ್ದರು. ಯಾಕೆ ಮಾವ ಅಂದರೆ, “ಫ್ಯಾನು ಅಂದ್ರೆ ತಿರುಗ್ಬೇಕು, ಇಲ್ಲ ನಿಂತ್ಕಬೇಕು. ಒಸಿ ತಿರುಗದು ಅಂದ್ರೆ ಏನ್ಲಾ ಅದು?” ಅಂತ ನನ್ನನ್ನೇ ಕೇಳಿದ್ದರು. ಈ ಹಳೇ ಬಿಳಿ ಕಾರನ್ನು ಯಾರಿಂದಲೋ ಕೊಂಡು ತಂದ ದಿನವೇ ಹಿಂದಿನ ಸೀಟು ಬಿಚ್ಚಿ ಕೊಟ್ಟಿಗೆಗೆ ಹಾಕಿದರು. ಯಾಕೆಂದರೆ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡಿನ ಮೂಟೆ ಒಯ್ಯಬೇಕಲ್ಲ! ನನ್ನ ಮದುವೆಯಲ್ಲಿ ಗಂಡು ಹೆಣ್ಣು ಇಬ್ಬರೂ ಆ ಕಾರಿನ ಹಿಂಭಾಗದಲ್ಲಿ ಚಾಪೆ ಹಾಸಿಕೊಂಡು ಕೂತೇ ಊರು ಸೇರಿದ್ದು. ಹೊಸ ಸೀರೆಗೆಲ್ಲ ಗೂಡಿನ ವಾಸನೆ ಅಂತ ನನ್ನ ಹೆಂಡತಿ ಮೂಗು ಮುಚ್ಚಿಕೊಂಡಳು. “ರೇಷ್ಮೆ ಸೀರೇಲಿ ರೇಷ್ಮೆ ವಾಸ್ನೆ ಬರ್ದೆ ಇನ್ನೇನವ್ವ ಬತ್ತದೆ?” ಅಂದರು ಮಾವ, ಕನ್ನಡಿಯಲ್ಲಿ ಅವಳ ಮುಖ ನೋಡುತ್ತಾ.

ಇಂಥವರ ಜೊತೆ ಸಂಸಾರ ಮಾಡಿದ ಅತ್ತೆಯ ಬಗ್ಗೆಯೂ ಹೇಳಬೇಕು. ಅವರಿಗೆ ಮಕ್ಕಳಿರಲಿಲ್ಲ. ನಾನು ಹೈಸ್ಕೂಲು ಓದಿದ್ದು ಅವರ ಮನೆಯಲ್ಲೇ. ಆ ಮೂರು ವರ್ಷದಲ್ಲಿ ಅತ್ತೆ ಸುಮ್ಮನೆ ಕೂತದ್ದನ್ನು ನಾನು ನೋಡಲಿಲ್ಲ. ರೇಷ್ಮೆಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು, ಇಲ್ಲವೇ ಹಸು ಕರೆಯುತ್ತಿದ್ದರು, ಇಲ್ಲವೇ ಮುದ್ದೆಗೆ ಹಿಟ್ಟು ತೊಳಸುತ್ತಿದ್ದರು. ಮಾತಾಡುವಾಗಲೂ ಕೈಯಲ್ಲಿ ಅವರೆಕಾಯೋ ಹುಣಸೆಹಣ್ಣೋ ಏನಾದರೊಂದು ಇರಲೇಬೇಕು. ಊಟಕ್ಕೂ ನಿಂತೇ ಇರುತ್ತಿದ್ದರು, ಮಾವ ಗದರಿದರೆ ಮಾತ್ರ ಕುಕ್ಕರಗಾಲಲ್ಲಿ ಕೂರುತ್ತಿದ್ದರು.

ಆ ಅತ್ತೆಗೆ ಎರಡೂ ಕಿಡ್ನಿ ಕೈಕೊಟ್ಟವು.

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ರಾಮನಗರಕ್ಕೆ ಬಂದು ನಾಲ್ಕು ಗಂಟೆ ಡಯಾಲಿಸಿಸ್ ಮಿಷನ್ನಿಗೆ ಕೈ ಕೊಟ್ಟು ಮಲಗಬೇಕು. ನಾನು ರಾಮನಗರದಲ್ಲೇ ಒಂದು ಕಾಲೇಜಿನಲ್ಲಿ ಗುಮಾಸ್ತ, ಹಾಗಾಗಿ ಮಧ್ಯಾಹ್ನ ಹೋಗಿ ನೋಡಿಕೊಂಡು ಬರುತ್ತಿದ್ದೆ. ಮಿಷನ್ನಿನ ಸೂಜಿ ಹಾಕಲೆಂದು ಎಡಗೈಗೆ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದರು. ಆ ಕೈಯಲ್ಲಿ ಒಂದು ಚೆಂಬು ನೀರೂ ಎತ್ತಬಾರದು. ಕುಡಿಯುವ ನೀರನ್ನು ಅಳೆದು ಕುಡಿಯಬೇಕು. ಎಳನೀರು ಕೂಡದು, ಉಪ್ಪು ಕೂಡದು. ಊರವರೆಲ್ಲ ಒಳ್ಳೆಯವರೇ, ಅವರ ಕೈಯಿಂದ ಪೊರಕೆ ಕಸಿದುಕೊಂಡರು, ಬಿಂದಿಗೆ ಕಸಿದುಕೊಂಡರು, ಅವರೆಕಾಯಿಯನ್ನೂ ಕಸಿದುಕೊಂಡರು. “ನೀನ್ ಕೂತ್ಕಳಕ್ಕ, ನಾವ್ ಮಾಡ್ತೀವಿ” ಅಂದರು. ಅತ್ತೆ ಕೂತರು. ಕಾಯಿಲೆಗಿಂತ ಆ ಕೂತದ್ದೇ ಅವರನ್ನು ತಿಂದುಹಾಕಿತು ಅಂತ ನನಗೆ ಈಗಲೂ ಅನಿಸುತ್ತದೆ.

ಒಂದು ಶುಕ್ರವಾರ ಕಾರು ಬಾಗಿಲಿಗೆ ಬಂದರೂ ಅತ್ತೆ ಜಗುಲಿಯಿಂದ ಏಳಲಿಲ್ಲ.

“ನಾನ್ ಬರಕಿಲ್ಲ” ಅಂದರಂತೆ. “ವಾರಕ್ಕೆ ಮೂರ್ ದಿವ್ಸ ಮೂಟೆ ಸಾಗಿಸ್ದಂಗೆ ನನ್ನ ಸಾಗಿಸ್ತೀರಿ. ಗೂಡಿನ ಮೂಟೆಗಾದ್ರೆ ಒಂದ್ ರೇಟಾದ್ರೂ ಸಿಕ್ತದೆ. ನನ್ನಿಂದ ಯಾರಿಗೇನ್ ಉಪಯೋಗ? ಸಾಕು ಬುಡಿ.”

ಮಾವ ಬೈದರು, ಬೇಡಿಕೊಂಡರು, ಕೈ ಹಿಡಿದು ಎಳೆದರು. ಅತ್ತೆ ಕಂಬ ಹಿಡಿದು ಕೂತುಬಿಟ್ಟರು. ಭಾನುವಾರ ನಾನು ಓಡಿಹೋದೆ. ಅತ್ತೆಯ ಮುಖ ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿಕೊಂಡಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಅತ್ತೂ ಬಿಟ್ಟೆ. “ಅಳ್ಬೇಡ ಮಗ, ಊಟ ಮಾಡ್ಕೊಂಡ್ ಹೋಗು” ಅಂದರೇ ಹೊರತು ಬರುತ್ತೇನೆ ಅನ್ನಲಿಲ್ಲ. ಸೋಮವಾರವೂ ಬರಲಿಲ್ಲ. ಇನ್ನೊಂದೆರಡು ಸಲ ತಪ್ಪಿದರೆ ಜೀವಕ್ಕೇ ಅಪಾಯ ಅಂತ ಡಯಾಲಿಸಿಸ್ ಸೆಂಟರಿನ ಸಿಸ್ಟರ್ ನನಗೆ ನೇರವಾಗಿಯೇ ಹೇಳಿದರು.

ಮಂಗಳವಾರ ನಾನು ಕಾಲೇಜಿನಲ್ಲಿ ಕೈಕಾಲು ಆಡದೆ ಕೂತಿದ್ದಾಗ ಫೋನ್ ಬಂತು. ಕಾಲೇಜಿನ ಹಿಂದಿನ ರಸ್ತೆಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಮೆಕ್ಯಾನಿಕ್, ನಾವೆಲ್ಲ ಭಾಯ್ ಅನ್ನುತ್ತೇವೆ. ಅವರ ಅಪ್ಪನ ಕಾಲದವರೆಗೂ ನೂಲು ತೆಗೆಯುವ ಮನೆತನ. ಇವರು ರೇಷ್ಮೆ ಬಿಟ್ಟು ಗ್ರೀಸಿಗೆ ಬಂದವರು.

“ಸಾರ್, ನಿಮ್ಮ ಮಾವ ಬಂದವ್ರೆ. ಒಸಿ ಬೇಗ ಬನ್ನಿ. ನನ್ ತಲೆ ಕೆಟ್ಟೋಗ್ತಾ ಐತೆ.”

ಹೋಗಿ ನೋಡಿದರೆ ಕಾರು ಬಾನೆಟ್ ತೆರೆದುಕೊಂಡು ನಿಂತಿದೆ, ಮಾವ ಟವಲ್ಲು ತಲೆಗೆ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ.

“ನೋಡಿ ಸಾರ್” ಅಂದರು ಭಾಯ್. “ಇಪ್ಪತ್ ವರ್ಸದ ಸರ್ವಿಸ್ನಾಗೆ ಎಲ್ರೂ ಪವರ್ ಹಾಕ್ಸಕ್ ಬಂದವ್ರೆ. ಇವರು ತೆಗ್ಸಕ್ ಬಂದವ್ರೆ! ಸ್ಟೇರಿಂಗು ಚೆನ್ನಾಗೇ ಐತೆ, ಬೆಣ್ಣೆ ಥರಾ ತಿರುಗ್ತದೆ.”

“ಬೆಣ್ಣೆ ಥರ ತಿರುಗಬಾರ್ದು ಅಂತಾನೇ ಬಂದಿರದು” ಅಂದರು ಮಾವ.

“ಬೆಲ್ಟ್ ಒಂದು ಬಿಚ್ಚಾಕುದ್ರೆ ಆಗಲ್ಲ ಅಣ್ಣ, ಒಳಗಿಂದು ಹಾಳಾಗ್ತದೆ. ಪಂಪು, ಪೈಪು ಎಲ್ಲ ತೆಗೀಬೇಕು. ಚಕ್ರ ತಿರುಗ್ಸೋ ಕೆಳಗಿನ ರ‍್ಯಾಕೇ ಬದಲಾಯಿಸ್ಬೇಕು.”

“ಬದ್ಲಾಯ್ಸು.”

ಅದೇ ಮಾಡೆಲ್ಲಿನ ಮ್ಯಾನ್ಯುಯಲ್ ಗಾಡಿಯೊಂದು ಗುಜರಿಗೆ ಬಂದಿತ್ತಂತೆ, ಅದರ ರ‍್ಯಾಕು ಸಿಕ್ಕಿತು. ಭಾಯ್ ಸಮಾಧಾನ ಹೇಳಿದರು, “ಹೆದರ್ಕೋಬೇಡಿ ಅಣ್ಣ, ಗಾಡಿ ಓಡೋವಾಗ ಅಷ್ಟು ಭಾರ ಗೊತ್ತಾಗಲ್ಲ. ನಿಂತ ಜಾಗದಾಗೆ, ತಿರುವಿನಾಗೆ ಮಾತ್ರ ಒಸಿ ಬಿಗಿ ಬತ್ತದೆ.”

ಮಾವನ ಮುಖ ಸಣ್ಣಗಾಯಿತು. “ಅಷ್ಟೇನಾ? ಇನ್ನೂ ಒಸಿ ಬಿಗಿ ಮಾಡಕಾಗಕಿಲ್ವ?”

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಹೆಂಡತಿ ಉಸಿರಿಗೆ ಒದ್ದಾಡುತ್ತಿದ್ದಾಳೆ, ಈ ಮನುಷ್ಯನಿಗೆ ಕಾರಿನ ಹುಚ್ಚು! ಯಾಕೆ ಮಾವ ಇದೆಲ್ಲ ಅಂತ ಕೂಗಾಡಿದೆ. “ಮೈಲೇಜ್ ಬತ್ತದಂತೆ ಕಣ್ಲಾ” ಅಂದರು. ಭಾಯ್‌ಗೆ ಆಯಿಲ್ ಸೋರುತ್ತೆ ಅಂದಿದ್ದರು. ಪಕ್ಕದ ಟೀ ಅಂಗಡಿಯವರಿಗೆ ತೋಳಿಗೆ ಕಸರತ್ತು ಬೇಕು ಅಂದಿದ್ದರು. ಒಂದೇ ಮಧ್ಯಾಹ್ನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ! ನಾನು ಕಾಲೇಜಿಗೆ ವಾಪಸ್ ಬಂದುಬಿಟ್ಟೆ.

ಮಾರನೆಯ ದಿನ ಬುಧವಾರ. ಆಸ್ಪತ್ರೆಯ ಗೇಟಿನ ಬಳಿ ಸುಮ್ಮನೆ ನಿಂತಿದ್ದೆ, ಬರುವುದಿಲ್ಲ ಅಂತ ಗೊತ್ತಿದ್ದೂ. ಬಿಳಿ ಕಾರು ಬಂತು! ಬಂತು ಅನ್ನುವುದಕ್ಕಿಂತ ತೆವಳಿತು. ಗೇಟಿಗೆ ಬರಬೇಕಾದರೆ ಒಂದು ಕಡಿದಾದ ಎಡತಿರುವು. ಮಾವ ಹಲ್ಲು ಕಚ್ಚಿಕೊಂಡು, ಕತ್ತಿನ ನರ ಉಬ್ಬಿಸಿಕೊಂಡು ಸ್ಟೀರಿಂಗ್ ಮೇಲೆ ಬಿದ್ದಿದ್ದಾರೆ. ಎಡಗಡೆ ಸೀಟಿನಲ್ಲಿ ಅತ್ತೆ, ತಮ್ಮ ಬಲಗೈ ಚಾಚಿ ಅದೇ ಸ್ಟೀರಿಂಗ್ ಹಿಡಿದು ಕೆಳಕ್ಕೆ ಜಗ್ಗುತ್ತಿದ್ದಾರೆ!

“ಎಳಿಯೇ! ಇನ್ನೊಸಿ ಎಳಿ!”

“ಎಳೀತಾ ಇವ್ನಲ್ಲ! ಸಾಕು, ಸಾಕು, ಗ್ವಾಡೆಗೆ ಗುದ್ದುಬುಟ್ಟೀರಿ!”

ಗೇಟಿನ ವಾಚ್‌ಮನ್ ನನ್ನ ಕಡೆ ತಿರುಗಿ, “ಸಾರ್, ಇವರಿಬ್ಬರಲ್ಲಿ ಡ್ರೈವರ್ ಯಾರು?” ಅಂದ.

ಮಿಷನ್ನಿಗೆ ಸೂಜಿ ಹಾಕಿಸಿಕೊಂಡ ಮೇಲೆ ಅತ್ತೆಯೇ ಹೇಳಿದರು. ರಾತ್ರಿ ಕಾರು ತಂದು ನಿಲ್ಲಿಸಿದ ಮಾವ ಭುಜ ಹಿಡಿದುಕೊಂಡು ನರಳಿದರಂತೆ. ಸ್ಟೀರಿಂಗು ಕೆಟ್ಟುಹೋಗಿದೆ, ಸಾಮಾನು ಸಿಕ್ಕುವುದಿಲ್ಲವಂತೆ, ಜೊತೆಗೆ ಭುಜವೂ ಹಿಡಿದುಕೊಂಡಿದೆ, ಗಾಡಿಯನ್ನು ರಾಮನಗರದ ವರ್ಕ್‌ಶಾಪಿನಲ್ಲಿ ಇನ್ನೊಮ್ಮೆ ತೋರಿಸಬೇಕು, ತಿರುವಿನಲ್ಲಿ ಒಬ್ಬನ ಕೈಲಿ ಆಗುವುದಿಲ್ಲ, ಒಂದು ದಿವಸ ಜೊತೆಗೆ ಬಂದು ಕೈ ಹಾಕು ಅಂತ ಬೇಡಿಕೊಂಡರಂತೆ. ರಾಮನಗರ ಬಂದ ಮೇಲೆ, “ಹೆಂಗೂ ಬಂದಿದೀವಿ, ಹಂಗೇ ಮಿಷನ್ನಿಗೂ ಹೋಗ್ಬುಟ್ ಬರದಲ್ವಾ?” ಅಂದರಂತೆ.

“ಇನ್ಮೇಲೆ ನಾನ್ ಬರ್ದೆ ವಿಧಿ ಇಲ್ಲ ಕಣಪ್ಪ” ಅಂದರು ಅತ್ತೆ. “ಆ ಭುಜ ಇಟ್ಕೊಂಡ್ ಅವರೊಬ್ರೇ ಹೆಂಗ್ ಓಡಿಸ್ತಾರೆ?” ಎಷ್ಟೋ ತಿಂಗಳಾದ ಮೇಲೆ ಅವರ ಮುಖದಲ್ಲಿ ಹಳೆಯ ಗತ್ತು ಕಂಡಿತು. ಸ್ಟೀರಿಂಗು ಕೆಟ್ಟಿತು ಅಂದದ್ದು ತಮ್ಮ ಹುಚ್ಚಾಟ ಮುಚ್ಚಿಕೊಳ್ಳಲು ಅಂತ ತಿಳಿದು ನಾನು ಗುಟ್ಟು ಬಿಡಲಿಲ್ಲ, ಮಾವನ ಭುಜ ಹಾಳಾದದ್ದೇ ಒಳ್ಳೆಯದಾಯಿತು ಅಂತ ಪಾಪಿ ನಾನು ಅಂದುಕೊಂಡೆ.

ಆಮೇಲೆ ಎರಡು ವರ್ಷ ಒಂದು ದಿನವೂ ತಪ್ಪಲಿಲ್ಲ. ಮಾಗಡಿ ದಾಟಿ, ಎಡಕ್ಕೆ ಸಾವನದುರ್ಗ ಕಾಣುವ ರಸ್ತೆಯಲ್ಲಿ ಇಬ್ಬರೂ ಸೇರಿ ಒಂದು ಕಾರು ಓಡಿಸಿಕೊಂಡು ಬರುತ್ತಿದ್ದರು. ಸ್ಟೀರಿಂಗ್ ಜಾರುತ್ತೆ ಅಂತ ಅತ್ತೆ ಅಂದದ್ದೇ ತಡ, ಮಾವ ಚನ್ನಪಟ್ಟಣದ ಗೊಂಬೆ ಮಾಡುವವರ ಹತ್ತಿರ ಹೋಗಿ ಅರಗಿನ ಬಣ್ಣ ಹಾಕಿದ, ಕೆಂಪು ಹಳದಿ ಪಟ್ಟೆಯ ಮರದ ಹಿಡಿಯೊಂದನ್ನು ಕಡೆಸಿಕೊಂಡು ಬಂದರು. ಅದನ್ನು ಸ್ಟೀರಿಂಗಿನ ಎಡಮಗ್ಗುಲಿಗೆ ಬೋಲ್ಟು ಹಾಕಿ ಕೂರಿಸಿದರು. ಅತ್ತೆಯ ಹೊರತು ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ನಾನೊಮ್ಮೆ ಸುಮ್ಮನೆ ತಿರುಗಿಸಿ ನೋಡಿದ್ದಕ್ಕೆ, “ಲೇ, ಅದು ನಿಮ್ಮತ್ತೆ ಸ್ಟೇರಿಂಗು” ಅಂತ ಗದರಿದರು.

ಒಂದು ಮಂಗಳವಾರ ನನ್ನನ್ನೂ ಹೊರಡಿಸಿಕೊಂಡು ಕಬ್ಬಾಳಿಗೆ ಹೋದರು. ಮಾವನ ಭುಜ ವಾಸಿಯಾಗಲಿ ಅಂತ ಅತ್ತೆ ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದರು. ತಮ್ಮ ಕಿಡ್ನಿಗಲ್ಲ, ಗಂಡನ ಭುಜಕ್ಕೆ! ಗುಡಿಯ ಮುಂದೆ ಅತ್ತೆ ಜೋರಾಗಿಯೇ ಕೇಳಿಕೊಂಡರು, “ತಾಯಿ, ಇವರ ಭುಜಕ್ಕೆ ಏನಾಗೈತೋ ನಿಂಗೇ ಗೊತ್ತು, ನೀನೇ ನೋಡ್ಕೊ.” ಮಾವ ಬೆವರಿ ನೀರಾಗಿದ್ದರು. ಕೆನ್ನೆ ಕೆನ್ನೆ ಬಡಿದುಕೊಂಡರು, ಅಡ್ಡಬಿದ್ದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದ ಮೇಲೆ ನಾನೇ ಎಬ್ಬಿಸಿದೆ. ವಯಸ್ಸಾದಂತೆ ಭಕ್ತಿ ಜಾಸ್ತಿಯಾಗಿದೆ ಅಂತ ನಾನು ತಿಳಿದುಕೊಂಡೆ. ನನ್ನ ಬುದ್ಧಿ ಇಷ್ಟೇ ನೋಡಿ!

ಆ ಬುದ್ಧಿಗೆ ಬೆಳಕಾದದ್ದು ಮಾಗಡಿಯಲ್ಲಿ, ಒಂದು ಭಾನುವಾರ. ಏನೋ ಕೆಲಸಕ್ಕೆ ಹೋಗಿ ಟೀ ಕುಡಿಯುತ್ತಾ ನಿಂತಿದ್ದೆ. ಎದುರಿನ ಇಕ್ಕಟ್ಟು ಗಲ್ಲಿಯಲ್ಲಿ, ಅತ್ತ ಹೂವಿನವರು, ಇತ್ತ ಒಂದು ಟೆಂಪೊ, ನಡುವೆ ನಮ್ಮ ಮಾವನ ಕಾರು ಹಿಂದೆ ಮುಂದೆ ಆಡುತ್ತಾ ಪೂರ್ತಿ ತಿರುಗುತ್ತಿತ್ತು. ಮಾವ ಒಬ್ಬರೇ ಇದ್ದರು. ಒಂದು ಕೈಯಲ್ಲಿ ಬೋಂಡ. ಇನ್ನೊಂದು ಕೈಯಲ್ಲಿ, ಅದೇ ಹಾಳಾದ ಭುಜದ ಕೈಯಲ್ಲಿ, ಆ ಬಿಗಿ ಸ್ಟೀರಿಂಗನ್ನು ಗರಗರ ತಿರುಗಿಸುತ್ತಿದ್ದರು! ಬೋಂಡ ಮುಗಿಯುವ ಮೊದಲೇ ಕಾರು ತಿರುಗಿ ನಿಂತಿತ್ತು. ನನ್ನನ್ನು ನೋಡದೆ ಹೊರಟುಹೋದರು.

ಟೀ ಆರಿಹೋಯಿತು. ಪ್ರಾಯದಲ್ಲಿ ರಾಗಿ ಮೂಟೆಯನ್ನು ಹೆಗಲಿಗೆ ಎಸೆದುಕೊಳ್ಳುತ್ತಿದ್ದ ಆಳು, ಇವತ್ತಿಗೂ ಹಳೇ ಟ್ರ್ಯಾಕ್ಟರ್ ಓಡಿಸುವ ಆಳು. ಅತ್ತೆ ಜಗುಲಿಯಿಂದ ಏಳದ ವಾರದಲ್ಲೇ ಕಾರೂ ಬಿಗಿಯಾಯಿತು, ಭುಜವೂ ಹಿಡಿದುಕೊಂಡಿತು. ಹೆಂಡತಿಗೆ ಮಾಡಲು ಒಂದು ಕೆಲಸ ಬೇಕಾಗಿತ್ತು. ಇಲ್ಲದ ಕೆಲಸವನ್ನು ಹುಟ್ಟಿಸಿ ತಂದಿದ್ದರು. ಅವತ್ತು ವರ್ಕ್‌ಶಾಪಿನಲ್ಲಿ ಅವರ ಮೇಲೆ ಕೂಗಾಡಿದ್ದು ನೆನಪಾಗಿ ನಾಚಿಕೆಯಾಯಿತು.

ಈ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನ ಕೈಲಾಗಲಿಲ್ಲ. ಮರುದಿನ ಸೋಮವಾರ ಮಿಷನ್ನಿನ ಪಕ್ಕ ಕೂತವನು, “ಅತ್ತೆ, ಮಾವನ ಭುಜ...” ಅಂತ ಶುರುಮಾಡಿದೆ. ಅತ್ತೆ ಬಾಗಿಲ ಕಡೆ ನೋಡಿದರು. ಮಾವ ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದರು.

“ಗೊತ್ತು ಕಣ್ ಮಗ” ಅಂದರು. “ಪವರ್ ಕೀಳ್ಸಿದ್ದು ಆಮೇಲೆ ಭಾಯ್ ಬಾಯಿಂದ ಗೊತ್ತಾಯ್ತು, ಭುಜದ್ದು ಮೊದಲ್ನೇ ದಿವ್ಸಾನೇ ಗೊತ್ತಾಯ್ತು. ಭುಜ ನೋವು ಅಂತ ನರಳ್ದೋರು ರಾತ್ರಿ ಅದೇ ಮಗ್ಗುಲಿಗೆ ಮನೀಕಂಡು ಗೊರಕೆ ಹೊಡೀತಿದ್ರು! ಇಷ್ಟ್ ವರ್ಸ ಪಕ್ಕದಾಗೆ ಮನಗಿವ್ನಿ, ನೋವಿರೋ ಭುಜ ಯಾವ್ದು ಅಂತ ಗೊತ್ತಾಗಕಿಲ್ವಾ ನಂಗೆ?”

“ಮತ್ತೆ ಕಬ್ಬಾಳಿನಲ್ಲಿ ಹರಕೆ?”

ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮಿಷನ್ನು ಪೀಂಗುಡುವಷ್ಟು ಮೈ ಕುಲುಕಿತು, ಸಿಸ್ಟರ್ ಓಡಿಬಂದು ಗದರಿ ಹೋದರು. “ಅವತ್ತು ಅವರ ಮೊಖ ನೋಡ್ಲಿಲ್ವೇನೋ ನೀನು!”

“ಹಂಗಾದ್ರೆ ಯಾಕತ್ತೆ ಎಳೀತೀರಿ, ಸುಮ್ನೆ?”

“ನಾನ್ ಎಳೀದೆ ಕೂತ್ರೆ ಇನ್ನೇನ್ ಕೀಳಿಸ್ಕೊಂಡ್ ಬತ್ತಾರೋ! ಈಗ ಪವರ್ ಕೀಳ್ಸವ್ರೆ. ನಾಳೆ ಬ್ರೇಕ್ ಕೀಳ್ಸುದ್ರೆ?” ಅಂದರು. ರಕ್ತ ಹರಿಯುವ ಆ ಕೆಂಪು ಪೈಪುಗಳನ್ನು ತೋರಿಸಿ ಮೆಲ್ಲಗೆ ಹೇಳಿದರು, “ನಂಗೆ ಸಾಕಾಗೈತೆ ಮಗ. ಸೂಜಿ ಅಂದ್ರೆ ಸಾಕಾಗೈತೆ. ಆದ್ರೆ ನನ್ನ ಉಳಿಸ್ಕಣಕ್ಕೆ ಒಳ್ಳೇ ಗಾಡೀನೇ ಕೆಡಿಸ್ಕಂಡವ್ರಲ್ಲ, ಅಂಥೋರ್ನ ಹೆಂಗ್ ಬುಟ್ಟೋಗ್ಲಿ? ಎಷ್ಟ್ ದಿವ್ಸ ಆಯ್ತದೋ ಅಷ್ಟ್ ದಿವ್ಸ ಎಳೀತೀನಿ. ನಂಗ್ ಗೊತ್ತು ಅಂತ ಅವರ್ಗೆ ಮಾತ್ರ ಹೇಳ್ಬ್ಯಾಡ. ನೊಂದ್ಕತಾರೆ.”

ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಹೋದ ಕಾರ್ತೀಕದಲ್ಲಿ ಅತ್ತೆಯ ಹೃದಯ ಸೋತಿತು. ಕೊನೆಯ ತಿಂಗಳು ಅವರ ಕೈಯಲ್ಲಿ ಶಕ್ತಿಯೇ ಇರಲಿಲ್ಲ. ಆದರೂ ಗೇಟಿನ ತಿರುವಿನಲ್ಲಿ ಕೈ ಚಾಚಿ ಆ ಹಿಡಿಯ ಮೇಲೆ ಇಡುತ್ತಿದ್ದರು. ಮಾವ ಮೊದಲಿನ ಹಾಗೇ ಹಲ್ಲು ಕಚ್ಚಿ, “ಹಂಗೇ ಕಣೇ, ಎಳಿ, ಎಳಿ” ಅನ್ನುತ್ತಿದ್ದರು. ನಾನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ, ನೋಡಲಾಗದೆ ಮುಖ ತಿರುಗಿಸುತ್ತಿದ್ದೆ. ಒಂದು ಗುರುವಾರ ಬೆಳಗ್ಗೆ ಹೋಗಿಬಿಟ್ಟರು. ನನ್ನನ್ನು ಹೆತ್ತವಳು ಹೋದಾಗಲೂ ನಾನು ಅಷ್ಟು ಅಳಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ, ಉಳಿದಿದ್ದ ಮಾತ್ರೆ, ಇಂಜೆಕ್ಷನ್ನುಗಳನ್ನು ಸೆಂಟರಿನವರಿಗೇ ಒಪ್ಪಿಸೋಣ, ಬಡವರು ಯಾರಿಗಾದರೂ ಆಗುತ್ತೆ ಅಂತ ಮಾವ ರಾಮನಗರಕ್ಕೆ ಬಂದರು. ನಾನು ಜೊತೆಗಿದ್ದೆ. ಸಿಸ್ಟರುಗಳೆಲ್ಲ ಮಾವನ ಕೈ ಹಿಡಿದು ಮಾತಾಡಿದರು. ಮಾವ ಬಿಗಿಯಾಗಿಯೇ ಇದ್ದರು. ಹೊರಟೆವು. ಎಡಗಡೆಯ ಸೀಟಿನಲ್ಲಿ ನಾನು ಕೂತೆ. ಗೇಟಿನಿಂದ ರಸ್ತೆಗೆ ತಿರುಗಬೇಕು. ಮಾವ ಏನೋ ಯೋಚನೆಯಲ್ಲಿ ಒಂದೇ ಕೈಯಿಂದ ಸ್ಟೀರಿಂಗನ್ನು ಸರಾಗವಾಗಿ ತಿರುಗಿಸಿಬಿಟ್ಟರು. ತಿರುಗಿಸಿದ ಮೇಲೆ ಅವರಿಗೇ ಅರಿವಾಯಿತು. ಗೇಟಿನ ನಡುವೆಯೇ ಕಾರು ನಿಲ್ಲಿಸಿದರು.

“ನೋಡ್ದೇನ್ಲಾ?”

“ನೋಡಿದೆ ಮಾವ.”

“ನನ್ ಭುಜಕ್ಕೇನೂ ಆಗಿರ್ನಿಲ್ಲ ಕಣ್ಲಾ.” ಸ್ಟೀರಿಂಗನ್ನೇ ನೋಡುತ್ತಾ ಹೇಳಿದರು. “ನನ್ನಿಂದ ಏನ್ ಉಪಯೋಗ ಅಂದ್ಬುಟ್ಲು. ಏನ್ ಕೆಲಸ ಕೊಡಾನ ಅವಳ್ಗೆ? ಒಂದೂ ಹೊಳೀನಿಲ್ಲ. ಇದೊಂದ್ ಗಾಡಿ ಇತ್ತು, ಇದ್ನೇ ಬಿಗಿ ಮಾಡಿಸ್ಬುಟ್ಟೆ. ಕಾಯ್ಲೆ ಹೆಂಗ್ಸಿನ ಕೈಲಿ ಎರಡ್ ವರ್ಸ ಸುಳ್ಳುಸುಳ್ಳೇ ಎಳಿಸ್ಬುಟ್ಟೆ ಕಣ್ಲಾ. ಕೊನೇ ತಿಂಗ್ಳೂ ಬುಡ್ನಿಲ್ಲ ಪಾಪಿ ನಾನು.” ಆಮೇಲೆ ನನ್ನ ಕಡೆ ತಿರುಗಿದರು. ಅವರು ಅಷ್ಟು ಹೆದರಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. “ಅವಳ್ಗೆ ಗೊತ್ತಾಗಿತ್ತೇನ್ಲಾ? ನಿನ್ ತಾವ ಏನಾರ ಅಂದಿದ್ಲಾ?”

ಹಿಂದೆ ಯಾರೋ ಹಾರ್ನ್ ಹೊಡೆದರು. ಹೇಳಬೇಡ ಅಂದ ಅತ್ತೆಯ ಮುಖ ಕಣ್ಣೆದುರು ಬಂತು. ಮಾವನ ಮುಖ ನೋಡಿಯೇ ಹೇಳಿದೆ.

“ಇಲ್ಲ ಮಾವ. ಗೊತ್ತಿದ್ದಿದ್ದರೆ ನನ್ನ ಹತ್ತಿರ ಹೇಳದೆ ಇರುತ್ತಿದ್ದರಾ? ನಿಮ್ಮ ಭುಜ ಹೇಗಿದೆ ಅಂತ ಕೊನೆಯವರೆಗೂ ಕೇಳುತ್ತಲೇ ಇದ್ದರು.”

ಮಾವ ಟವಲ್ಲನ್ನು ಮುಖಕ್ಕೆ ಒತ್ತಿಕೊಂಡರು. ಹನ್ನೊಂದು ದಿನ ಅಳದ ಮನುಷ್ಯ, ಹಿಂದೆ ಗಾಡಿಗಳ ಸಾಲು ಹಾರ್ನ್ ಹೊಡೆಯುತ್ತಿದ್ದರೂ ಲೆಕ್ಕಿಸದೆ, ಸ್ಟೀರಿಂಗ್ ಮೇಲೆ ಹಣೆಯಿಟ್ಟು ಗೋಳೋ ಅಂತ ಅತ್ತುಬಿಟ್ಟರು. ವಾಚ್‌ಮನ್ ಓಡಿಬಂದವನು ನೋಡಿ, ಹಿಂದಿನ ಗಾಡಿಗಳಿಗೆ ತಡೆಯಿರಿ ಅಂತ ಕೈ ತೋರಿಸಿದ. ಎಷ್ಟೋ ಹೊತ್ತಾದ ಮೇಲೆ ಮಾವ ಮುಖ ಒರೆಸಿಕೊಂಡು, ಗೇರ್ ಹಾಕುತ್ತಾ ಹೇಳಿದರು:

“ಪಾಪ, ಏನ್ ಹೇಳುದ್ರೂ ನಂಬ್ಬುಡೋಳು ಕಣ್ಲಾ ನಿಮ್ಮತ್ತೆ.”